ಎಂಜಿನ್ ಸಾಯದ ಗಾಡಿ

ಮಗಳು ಹಳೆಯ ಪಿಕಪ್ ಟ್ರಕ್ ಕೊಳ್ಳುತ್ತೇನೆ ಎಂದ ದಿನ ನನಗೆ ಊಟ ಸೇರಲಿಲ್ಲ. ಹೊಸದಾಗಿದ್ದರೆ ಅರ್ಧ ಊಟವಾದರೂ ಸೇರುತ್ತಿತ್ತೇನೋ. ಅವಳು ಫೋನಿನಲ್ಲಿ ತೋರಿಸಿದ್ದು ಅವಳಿಗಿಂತ ವಯಸ್ಸಾದ ಗಾಡಿಗಳನ್ನು. ಮುಂದೆ ಮೂವರು ಒತ್ತಿ ಕೂರುವ ಒಂದೇ ಉದ್ದನೆಯ ಸೀಟು, ಹಿಂದೆ ತೆರೆದ ತೊಟ್ಟಿ, ಕಿಟಕಿಯ ರಬ್ಬರಿನುದ್ದಕ್ಕೂ ಹಸಿರು ಪಾಚಿ. ನಮ್ಮ ಸಿಯಾಟಲ್ ಕಡೆಯ ಮಳೆಗೆ ನಾಲ್ಕು ತಿಂಗಳು ಸುಮ್ಮನೆ ನಿಂತರೆ ಗಾಡಿಗೂ ಪಾಚಿ ಕಟ್ಟುತ್ತದೆ.

ನಾವಿರುವುದು ಅಮೆರಿಕದ ಸಿಯಾಟಲ್ ಪಕ್ಕದ ಕರ್ಕ್‌ಲ್ಯಾಂಡಿನಲ್ಲಿ. ನಾನೂ ನನ್ನ ಗಂಡನೂ ಬೆಲ್ವ್ಯೂದ ಆಫೀಸುಗಳಲ್ಲಿ ಕಂಪ್ಯೂಟರ್ ನೋಡಿ ನೋಡಿ ಕಣ್ಣು ಕೆಡಿಸಿಕೊಂಡವರು. ಇರುವವಳು ಒಬ್ಬಳೇ ಮಗಳು. ಕಾಲೇಜು ಮುಗಿದದ್ದೇ ತಡ, ತನಗೆ ಮಣ್ಣಿನ ಕೆಲಸ ಬೇಕು ಎಂದಳು. ಜನರ ಮನೆ ಮುಂದೆ ತೋಟ ಮಾಡಿಕೊಡುವುದು, ಇಳಿಜಾರು ಹಿತ್ತಲಿಗೆ ಕಲ್ಲಿನ ಮೆಟ್ಟಿಲು ಕಟ್ಟುವುದು, ಇಂಥದ್ದು. ಇನ್ನೊಬ್ಬರ ಕೈಕೆಳಗೆ ಕೆಲಕಾಲ ದುಡಿದು ಕಲಿತಳು. ಈಗ ಸ್ವಂತಕ್ಕೆ ಮೊದಲ ಗಿರಾಕಿ ಸಿಕ್ಕಿದ್ದರು. ಕಲ್ಲು ಹೊರಲು ಗಾಡಿ ಬೇಕಿತ್ತು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇಲ್ಲಿ ಅವಳ ಮಾತನ್ನೆಲ್ಲ ನಾನೇ ನನ್ನ ಭಾಷೆಗೆ ಇಳಿಸಿಕೊಂಡಿದ್ದೇನೆ.

ನಾನು ಹುಟ್ಟಾ ಅಂಜುಬುರುಕಿ. ಲಿಫ್ಟ್ ಕಂಡರೆ ಹೆದರಿಕೆ, ಸರೋವರದ ಮೇಲಿನ ತೇಲುವ ಸೇತುವೆ ಕಂಡರೆ ಹೆದರಿಕೆ, ಇಳಿಜಾರು ಕಂಡರಂತೂ ಕೈಕಾಲು ತಣ್ಣಗಾಗುತ್ತದೆ. ಬೇರೆ ಅಂಜುಬುರುಕರು ಮನೆಯಲ್ಲಿ ಕೂರುತ್ತಾರೆ. ನನಗೆ ಆ ಪುಣ್ಯವೂ ಇಲ್ಲ. ಮನೆಯಲ್ಲಿ ಕೂತರೆ ತಲೆಯೊಳಗೆ ಓಡುವ ಚಿತ್ರಗಳು ಇನ್ನೂ ಭಯಂಕರ. ಹಾಗಾಗಿ ಹೆದರಿಕೊಂಡೇ ಎಲ್ಲ ಕಡೆಗೂ ಹೊರಟುಬಿಡುತ್ತೇನೆ, ಜೊತೆಯವರ ಪ್ರಾಣ ತಿನ್ನುತ್ತೇನೆ.

ಮಾರಾಟಕ್ಕಿದ್ದ ಎರಡು ಟ್ರಕ್ಕುಗಳು ಅವಳಿಗೆ ಹಿಡಿಸಿದ್ದವು. ಒಂದು ನೀಲಿ, ಒಂದು ಕೆಂಪು. ಎರಡೂ ಹುಟ್ಟಾ ವೈರಿಗಳಾದ ಎರಡು ಕಂಪನಿಗಳವು. ಆ ಹೆಸರುಗಳನ್ನು ನಾನು ಬರೆಯುವುದಿಲ್ಲ. ಅವನ್ನು ಒಂದೇ ಉಸಿರಿಗೆ ಹೇಳಿದರೂ ಸಿಟ್ಟಾಗುವವರು ನಮ್ಮ ಎದುರು ಮನೆಯಲ್ಲೇ ಇದ್ದಾರೆ. ಆ ಅಜ್ಜ, ಅವರ ಅಪ್ಪ, ಅವರ ಮಗ, ಎಲ್ಲರೂ ನೀಲಿ ಗಾಡಿಯ ಕಂಪನಿಯವರು. ಅಂದರೆ ಅಲ್ಲಿ ಕೆಲಸಕ್ಕಿದ್ದವರಲ್ಲ, ಬರೀ ಗಾಡಿ ಓಡಿಸಿದವರು. ಸೊಸೆ ಬೇರೆ ಕಂಪನಿಯ ಟ್ರಕ್ಕಿನಲ್ಲಿ ಬಂದರೆ ಅದು ಬೀದಿಯಲ್ಲೇ ನಿಲ್ಲಬೇಕು, ಅವರ ಮನೆಯಂಗಳಕ್ಕೆ ಬರುವ ಹಾಗಿಲ್ಲ.

ನನ್ನ ಗಂಡ ಮೈಸೂರಿನವರು. ಯಾವುದನ್ನೂ ವಿಚಾರಿಸದೆ ಕೊಳ್ಳುವವರಲ್ಲ, ಒಂದು ಬಾಣಲೆಗೂ ವಾರ ಬೇಕು. ಟ್ರಕ್ಕಿನ ವಿಷಯ ಬಂದ ಮೇಲೆ ಅವರು ವಿಡಿಯೋ ನೋಡಿದ್ದೇನು, ಯಾರ್‍ಯಾರೋ ಬರೆದದ್ದನ್ನು ಓದಿದ್ದೇನು! ನನ್ನನ್ನು ನೋಡಲು ಬರುವ ಮೊದಲು ನಮ್ಮ ಮನೆತನದ ಬಗ್ಗೆಯೂ ಅಷ್ಟು ವಿಚಾರಿಸಿರಲಿಲ್ಲ. ತಿಳಿದದ್ದಿಷ್ಟು. ನೀಲಿ ಗಾಡಿಯ ಎಂಜಿನ್ ಸಾಯುವುದಿಲ್ಲ. ಎಣ್ಣೆ ಒಣಗಿದರೂ ಓಡುತ್ತದೆ, ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ಬ್ಯಾಟರಿ ಬದಲಿಸಿದರೆ ಕೆಮ್ಮಿ ಎದ್ದು ಕೂರುತ್ತದೆ. ಆದರೆ ಮುಂದಿನ ಟೈರುಗಳನ್ನು ತಿನ್ನುತ್ತದೆ, ಕೂತವರ ಸೊಂಟ ಮುರಿಯುತ್ತದೆ. ಕೆಂಪು ಗಾಡಿಯಲ್ಲಿ ಹಾಸಿಗೆಯ ಮೇಲೆ ಕೂತ ಹಾಗಿರುತ್ತದೆ, ಯಾವ ಊರಿನಲ್ಲೂ ಬಿಡಿಭಾಗ ಸಿಗುತ್ತದೆ, ಸ್ಪ್ಯಾನರ್ ಹಿಡಿಯಲು ಬಂದವರೆಲ್ಲ ರಿಪೇರಿ ಮಾಡಿಕೊಳ್ಳಬಹುದು. ಆದರೆ ಗೇರ್‌ಬಾಕ್ಸ್ ನಂಬುವ ಹಾಗಿಲ್ಲ, ಡ್ಯಾಶ್‌ಬೋರ್ಡ್ ಬಿಸಿಲಿಗೆ ಹಪ್ಪಳದ ಹಾಗೆ ಸೀಳುತ್ತದೆ.

ಇದನ್ನೆಲ್ಲ ಕೇಳುವಾಗ ನನಗೆ ನಮ್ಮೂರ ಬಸ್ಸುಗಳು ನೆನಪಾದವು. ನಾನು ಕಾರ್ಕಳದ ಹತ್ತಿರದವಳು. ನಮ್ಮ ರಸ್ತೆಯಲ್ಲಿ ಇಬ್ಬರು ಮಾಲೀಕರ ಬಸ್ಸುಗಳು ಓಡುತ್ತಿದ್ದವು, ಊರು ಎರಡು ಪಕ್ಷವಾಗಿತ್ತು. ನಮ್ಮ ಮನೆಯವರು ಹಸಿರು ಪಟ್ಟಿಯ ಬಸ್ಸಿನ ಪಕ್ಷ. ಇನ್ನೊಂದು ಖಾಲಿ ಬಂದರೂ ಹತ್ತದೆ, ಮದುವೆಯ ಮುಹೂರ್ತ ತಪ್ಪಿದರೂ ಪರವಾಗಿಲ್ಲವೆಂದು ಅಮ್ಮ ನಮ್ಮನ್ನು ಬಿಸಿಲಲ್ಲಿ ನಿಲ್ಲಿಸುತ್ತಿದ್ದಳು. ನಮ್ಮ ಬಸ್ಸಿನ ಡ್ರೈವರು ಭಾರೀ ಜಾಗ್ರತೆಯವ ಎಂಬ ಹೆಸರಿತ್ತು. ಆ ಡ್ರೈವರು ಕೆಲಸ ಬಿಟ್ಟು ಮಂಗಳೂರಿನಲ್ಲಿ ಅಂಗಡಿ ಇಟ್ಟು ಎಷ್ಟೋ ಕಾಲವಾಗಿತ್ತು. ಅವನ ಜಾಗಕ್ಕೆ ಬಂದವ ಒಂದು ಕೈಯಲ್ಲಿ ಹಾರ್ನ್ ಒತ್ತಿಕೊಂಡೇ ತಿರುವು ತಿರುಗಿಸುತ್ತಿದ್ದ. ಆದರೂ ಅಮ್ಮ ಕಣ್ಣು ಮುಚ್ಚಿ, ಮುಂದಿನ ಸೀಟಿನ ಕಂಬಿ ಹಿಡಿದು, "ಇದ್ರಲ್ಲಿ ಹೆದರಿಕೆ ಇಲ್ಲ" ಎನ್ನುತ್ತಿದ್ದಳು.

ನೀಲಿ ಗಾಡಿ ನೋಡಲು ಮೂವರೂ ಹೋದೆವು. ಮಾರುವವರು ಬಾನೆಟ್ ಎತ್ತಿದರು. ನನ್ನ ಗಂಡ ಬಗ್ಗಿ ನೋಡಿದರು, ಎಂಜಿನ್ ಬಗ್ಗೆ ಓದಿದ್ದನ್ನೆಲ್ಲ ಹೇಳಿದರು, ಮಾರುವವರು ತಲೆಯಾಡಿಸಿದರು. ಇಬ್ಬರಿಗೂ ಸಂತೋಷವಾಯಿತು. ನಾನು ಕೇಳಿದ್ದು ಒಂದೇ ಪ್ರಶ್ನೆ, ಬ್ರೇಕ್ ಹೇಗಿದೆ ಎಂದು. ಅವರು ನಕ್ಕು, ಈ ಎಂಜಿನ್ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಓಡುತ್ತದೆ ಎಂದರು. ನಾನು ಕೇಳಿದ್ದು ನಿಲ್ಲುವುದರ ಬಗ್ಗೆ, ಅವರು ಹೇಳಿದ್ದು ಓಡುವುದರ ಬಗ್ಗೆ. "ಗ್ಯಾರೇಜಿನವರಿಗೆ ತೋರಿಸೋಣ ರೀ" ಎಂದೆ.

"ಈ ಎಂಜಿನ್‌ಗೆ ಚೆಕಪ್ ಬೇಕೇನೆ? ಸುಮ್ನಿರು, ನಿಂದೆಲ್ಲ ಬರೀ ಭಯ" ಎಂದರು ಗಂಡ.

ನಿಜವೇ, ನನ್ನದೆಲ್ಲ ಬರೀ ಭಯ. ಎಲ್ಲಕ್ಕೂ ಹೆದರುವವಳ ಮಾತನ್ನು ಯಾವುದಕ್ಕೆ ಕೇಳಬೇಕು ಎಂದು ಯಾರಿಗೆ ತಾನೆ ಗೊತ್ತಾಗುತ್ತದೆ? ನೀಲಿ ಗಾಡಿ ಮನೆಗೆ ಬಂತು. ಎದುರು ಮನೆಯ ಅಜ್ಜ ಓಡಿ ಬಂದು ಮಗಳ ಕೈ ಕುಲುಕಿದರು.

ಆಯುಧಪೂಜೆ ಹತ್ತಿರವೇ ಇತ್ತು. ಮೈಸೂರಿನವರಿಗೆ ಆ ದಿನ ಬಂತೆಂದರೆ ಮೈಮೇಲೆ ಏನೋ ಬರುತ್ತದೆ. ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿಗೂ ಕುಂಕುಮ ಬೀಳುತ್ತದೆ, ಮಿಕ್ಸಿಗೂ ಬೀಳುತ್ತದೆ. ಈ ಸಲ ಟ್ರಕ್ಕು! ಚೆಂಡುಹೂವಿನ ಹಾರ ಬಂತು, ನಾಲ್ಕು ಟೈರಿಗೂ ನಿಂಬೆಹಣ್ಣು ಬಂತು. ಬೂದುಗುಂಬಳಕಾಯಿ ಸಿಗಲಿಲ್ಲವೆಂದು ಇಲ್ಲಿಯವರು ಆ ತಿಂಗಳಲ್ಲಿ ಬಾಗಿಲ ಮುಂದೆ ಇಡುವ ಕಿತ್ತಳೆ ಬಣ್ಣದ ಕುಂಬಳಕಾಯಿಯನ್ನೇ ತಂದು, ಕುಂಕುಮ ಹಾಕಿ, ರಸ್ತೆಯಲ್ಲಿ ಒಡೆದರು. ಎದುರು ಮನೆಯ ಅಜ್ಜ ಯಾರೋ ಪೋಕರಿ ಹುಡುಗರ ಕೆಲಸವೆಂದು ಹೊರಗೆ ಬಂದು, ಒಡೆದವರು ಪಂಚೆ ಉಟ್ಟ ನನ್ನ ಗಂಡ ಎಂದು ಗೊತ್ತಾಗಿ ಸುಮ್ಮನೆ ಒಳಗೆ ಹೋದರು. ಆಮೇಲೆ ನನ್ನ ಗಂಡ ಗಾಡಿಯೊಳಗೆ ಹತ್ತಿ, ಸ್ಟೀರಿಂಗಿಗೆ ಗಂಧ ಹಚ್ಚಿದರು. ಸ್ಪೀಡು ತೋರಿಸುವ ಮುಳ್ಳಿನ ಮುಂದಿನ ಗಾಜಿನ ಮೇಲೂ ಮೂರು ಬೆರಳಲ್ಲಿ ಗಂಧ ಎಳೆದು, ಅದರ ಮೇಲೆ ಒದ್ದೆ ಕುಂಕುಮವನ್ನು ಧಾರಾಳವಾಗಿ ಒತ್ತಿದರು. ಅಲ್ಲಲ್ಲಿ ಇಳಿದು ಹರಡಿತು.

ಮಗಳು ಒರೆಸಲು ಹೋದಳು. "ಒರೆಸ್ಬೇಡ ಪುಟ್ಟಿ, ಒಳ್ಳೇದಲ್ಲ. ತಾನಾಗೇ ಹೋಗ್ಲಿ" ಎಂದರು. ಅಪ್ಪ ಯಾವುದನ್ನೂ ಹೀಗೆ ಬೇಡಿಕೊಂಡವರಲ್ಲವಲ್ಲ, ಅವಳು ಕೈ ಹಿಂದೆ ತೆಗೆದುಕೊಂಡಳು. ಸ್ಪೀಡಿನ ಮುಳ್ಳು ಕಾಣುತ್ತಿತ್ತು, ಅಷ್ಟೇ ಸಾಕು ಎಂದಳು.

ಅದರ ಮುಂದಿನ ಶನಿವಾರ ಕಲ್ಲು ತರಲು ಹೊರಟಳು. ಅವಳಿಗೆ ಬೇಕಾದ ಚಪ್ಪಡಿ ಕಲ್ಲು ಸಿಗುವುದು ಬೆಟ್ಟದ ಸಾಲಿನ ಆಚೆ ಕಡೆ, ಪೂರ್ವದಲ್ಲಿ. ಘಟ್ಟ ಹತ್ತಿ ಇಳಿಯಬೇಕು, ತುಂಬಿಕೊಂಡು ಮತ್ತೆ ಹತ್ತಿ ಇಳಿಯಬೇಕು. ಕೇಳಿದ ಕೂಡಲೇ ನಾನೂ ಬರುತ್ತೇನೆ ಎಂದೆ. "ಅಮ್ಮ, ನೀನು ದಾರಿಯುದ್ದಕ್ಕೂ ಕಿರುಚುತ್ತೀಯ" ಎಂದಳು. ಕಿರುಚುವುದಿಲ್ಲ ಎಂದು ಮಾತು ಕೊಟ್ಟೆ. ಚಿತ್ರಾನ್ನ ಕಟ್ಟಿಕೊಂಡು ಹತ್ತಿದೆ.

ಹೋಗುವಾಗ ಏನೂ ಆಗಲಿಲ್ಲ. ಆಚೆ ಕಡೆ ಬಿಸಿಲಿತ್ತು, ಹಳದಿ ಹುಲ್ಲಿತ್ತು. ಕಲ್ಲಿನವರು ತೊಟ್ಟಿ ತುಂಬಿದರು, ಗಾಡಿಯ ಹಿಂಭಾಗ ಕುಸಿದು ಮೂತಿ ಮೇಲೆದ್ದಿತು. ಜಾಸ್ತಿಯಾಯಿತೇನೋ ಎಂದೆ. ಹೊರುತ್ತದೆ, ಇದಕ್ಕೆ ಆ ಹೆಸರಿದೆ ಎಂದಳು. ಹೆಸರಿದೆ ಎನ್ನುವ ಮಾತು ಕೇಳಿದರೆ ನನಗೆ ಹಸಿರು ಪಟ್ಟಿಯ ಬಸ್ಸಿನ ಕಂಬಿ ಕೈಗೆ ತಾಗಿದ ಹಾಗಾಗುತ್ತಿತ್ತು.

ಘಟ್ಟದ ನೆತ್ತಿ ದಾಟುತ್ತಿದ್ದಂತೆ ಮೋಡ ಇಳಿದು ಮಳೆ ಹಿಡಿಯಿತು. ಅಲ್ಲಿಂದ ಪಶ್ಚಿಮಕ್ಕೆ ಮೈಲುಗಟ್ಟಲೆ ಇಳಿಜಾರು. ಅಗಲವಾದ ರಸ್ತೆ, ಎರಡು ಪಕ್ಕದಲ್ಲೂ ದೊಡ್ಡ ದೊಡ್ಡ ಲಾರಿಗಳು, ಅವುಗಳ ಚಕ್ರದ ನೀರೆಲ್ಲ ನಮ್ಮ ಗಾಜಿನ ಮೇಲೆ. ನಾನು ಬಾಗಿಲ ಹಿಡಿ ಹಿಡಿದು ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಳ್ಳುತ್ತಿದ್ದೆ. ಒಂದು ತಿರುವಿನ ಮುಂದೆ ಮಗಳು ಬ್ರೇಕ್ ಒತ್ತಿದಳು. ಅವಳ ಮೊಣಕಾಲು ಎಷ್ಟು ಮುಂದೆ ಹೋಗಬೇಕೋ ಅದಕ್ಕಿಂತ ಜಾಸ್ತಿ ಮುಂದೆ ಹೋಯಿತು. ಅವಳು ಕಾಲು ಎತ್ತಿ ಮತ್ತೆ ಒತ್ತಿದಳು, ಮತ್ತೆ ಒತ್ತಿದಳು. ಗಾಡಿ ಒಂದಿಷ್ಟು ತಡೆದ ಹಾಗೆ ಮಾಡಿ ಮತ್ತೆ ಜಾರತೊಡಗಿತು.

"ಎಂತ ಆಯ್ತು?" ಎಂದೆ.

"ಅಮ್ಮ, ಮಾತಾಡಬೇಡ."

ಆ ದನಿಯಿಂದಲೇ ನನಗೆ ಎಲ್ಲ ಗೊತ್ತಾಯಿತು. ಕೊಟ್ಟ ಮಾತು ಗಾಳಿಗೆ ಹೋಯಿತು, ಕಿರುಚಿದೆ. "ನಿಲ್ಸು ಮಾರಾಯ್ತಿ, ನಿಲ್ಸು!" ಎಂದು ಕಿರುಚಿದೆ, ನಿಲ್ಲಿಸಲು ಆಗುವ ಹಾಗಿದ್ದರೆ ಅವಳು ನಿಲ್ಲಿಸದೆ ಇರುತ್ತಿದ್ದಳೇ? ನನ್ನ ಬೆನ್ನ ಹಿಂದೆ, ಒಂದು ಗಾಜಿನಾಚೆ, ಅಷ್ಟೂ ಕಲ್ಲಿತ್ತು. ಎದುರಿನ ಲಾರಿಯ ಕೆಂಪು ದೀಪಗಳು ದೊಡ್ಡದಾಗುತ್ತ ಬಂದವು. ನನಗೆ ಆಗ ಸಾವಿನ ಯೋಚನೆ ಬರಲಿಲ್ಲ, ನನ್ನ ಸಾವಿನದಂತೂ ಇಲ್ಲವೇ ಇಲ್ಲ. ಇವಳ ಮುಖ ಮಾತ್ರ ಕಾಣುತ್ತಿತ್ತು. ಕೆನ್ನೆ ಬಿಳಿಚಿಕೊಂಡಿತ್ತು, ತುಟಿ ಕಚ್ಚಿದ್ದಳು, ಮಗುವಾಗಿದ್ದಾಗ ಸೂಜಿ ಚುಚ್ಚಿಸಿಕೊಳ್ಳುವ ಮುಂಚೆ ಮಾಡುತ್ತಿದ್ದ ಮುಖವೇ. ಆ ಮುಖವನ್ನು ಬರೀ ಕೈಯಲ್ಲಿ ಮುಚ್ಚಿ ಕಾಪಾಡಬಹುದು ಎನ್ನಿಸಿ, ಸೀಟ್‌ಬೆಲ್ಟ್ ಎಳೆದುಕೊಂಡು ಅವಳ ಕಡೆಗೆ ವಾಲಿದೆ. "ಹಿಂದಕ್ಕೆ ಕೂತ್ಕೋ!" ಎಂದು ಗದರಿದಳು.

ಸ್ಟೀರಿಂಗಿನ ಪಕ್ಕದ ಗೇರ್ ಕೋಲನ್ನು ಕೆಳಗಿನ ಗೇರಿಗೆ ಎಳೆದಳು. ಎಂಜಿನ್ ಊಳಿಟ್ಟಿತು. ಇಡೀ ಗಾಡಿ ಅದುರಿತು, ಡ್ಯಾಶ್‌ಬೋರ್ಡಿನ ಮೇಲಿದ್ದ ಒಣಗಿದ ಹಾರ ನನ್ನ ಮಡಿಲಿಗೆ ಬಿತ್ತು. ವೇಗ ಇಳಿಯಿತು. ಆಮೇಲೆ ಪಾರ್ಕಿಂಗ್ ಬ್ರೇಕ್ ಸಿಕ್ಕಿಕೊಳ್ಳದ ಹಾಗೆ ಅದನ್ನು ಬಿಡಿಸುವ ಹಿಡಿಯನ್ನು ಎಡಗೈಯಲ್ಲಿ ಎಳೆದು ಹಿಡಿದುಕೊಂಡೇ, ಎಡಗಾಲಿನಲ್ಲಿ ಅದರ ಪೆಡಲನ್ನು ಮೆಲ್ಲಗೆ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು ಮಾಡಿದಳು. ಗಾಡಿಯ ಹಿಂಭಾಗ ಒಮ್ಮೆ ಹಾವಿನ ಹಾಗೆ ಪಕ್ಕಕ್ಕೆ ಹೊರಳಿ ಮತ್ತೆ ನೇರವಾಯಿತು. ಹಿಂದಿನ ಲಾರಿಯವರು ನಮ್ಮ ಅವಸ್ಥೆ ನೋಡಿ ದೂರ ಉಳಿದರು. ಬಲಕ್ಕೆ ಒಂದು ದಾರಿ ಹೆದ್ದಾರಿಯಿಂದ ಕವಲೊಡೆದು ದಿಬ್ಬ ಏರುತ್ತಿತ್ತು. ಅಲ್ಲಿಗೆ ತಿರುಗಿಸಿದಳು. ಏರಿನಲ್ಲಿ ಗಾಡಿ ಸುಸ್ತಾಗಿ, ಪಕ್ಕದ ಜಲ್ಲಿಕಲ್ಲಿಗೆ ಇಳಿದು ನಿಂತಿತು. ಎಂಜಿನ್ ಮಾತ್ರ ಏನೂ ಆಗದ ಹಾಗೆ ಓಡುತ್ತಲೇ ಇತ್ತು.

ಮಗಳು ಸ್ಪೀಡಿನ ಮುಳ್ಳಿನ ಮುಂದಿನ ಗಾಜನ್ನೇ ನೋಡುತ್ತಿದ್ದವಳು ಹೆಬ್ಬೆರಳಿಗೆ ಉಗುಳು ಹಚ್ಚಿ ಕುಂಕುಮ ಒರೆಸಿದಳು. ಕುಂಕುಮ ಹೋಯಿತು, ಕೆಂಪು ಹೋಗಲಿಲ್ಲ. ಅದರ ಹಿಂದೆ ಬ್ರೇಕ್ ಕೆಟ್ಟಿದೆ ಎಂದು ಎಚ್ಚರಿಸುವ ದೀಪ ಉರಿಯುತ್ತಿತ್ತು.

"ಕಲ್ಲು ತುಂಬಿಸಿಕೊಂಡು ಹೊರಟಾಗಲೇ ಅಲ್ಲಿ ಕೆಂಪಗೆ ಕಂಡಿತ್ತು" ಎಂದಳು. "ಅಪ್ಪನ ಪೂಜೆಯದು ಅಂದುಕೊಂಡೆ."

ಗಾಡಿ ಎಳೆದುಕೊಂಡು ಹೋಗಲು ಬಂದವರು ಮಳೆಯಲ್ಲಿ ನಿಂತು ಸರಪಳಿ ಬಿಗಿಯುತ್ತ, ಕೆಂಪು ಗಾಡಿಯ ಕಂಪನಿಯದನ್ನು ತಗೊಂಡಿದ್ದರೆ ಹೀಗಾಗುತ್ತಿರಲಿಲ್ಲ ಎಂದರು. ಎದುರು ಮನೆಯ ಅಜ್ಜ ಸಂಜೆ ಬಂದು, ಬೇರೆ ಕಂಪನಿಯದಾಗಿದ್ದರೆ ಆ ಗೇರಿನಲ್ಲಿ ಎಂಜಿನ್ನೇ ಚೂರಾಗುತ್ತಿತ್ತು, ನಿಮ್ಮನ್ನು ಉಳಿಸಿದ್ದೇ ಇದು ಎಂದರು. ಗ್ಯಾರೇಜಿನವರು ಹೇಳಿದ್ದು, ಬ್ರೇಕಿನ ಪೈಪು ತುಕ್ಕು ಹಿಡಿದು ತೂತಾಗಿತ್ತು, ಯಾವ ಕಂಪನಿಯದಾದರೂ ಈ ವಯಸ್ಸಿಗೆ ಆಗುತ್ತದೆ ಎಂದು. ಪೈಪುಗಳನ್ನೆಲ್ಲ ಹೊಸದು ಹಾಕಿ, ಓಡಿಸಿ ನೋಡಿ, ಕಲ್ಲಿನ ಸಮೇತ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ನನ್ನ ಗಂಡ ಒಂದು ವಾರ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಒದ್ದೆ ಬಟ್ಟೆ ತೆಗೆದುಕೊಂಡು ಹೋಗಿ ಗಾಡಿಯೊಳಗಿನ ಕುಂಕುಮವನ್ನೆಲ್ಲ ತಾವೇ ಒರೆಸಿದರು. ನಾನು ಬೈಯಲಿಲ್ಲ. ಬೈಯಲು ಬಾಯಿ ತೆರೆದರೆ ಅಳು ಬರುತ್ತಿತ್ತು.

ಮಗಳು ಆ ಗಾಡಿಯ ಹತ್ತಿರ ಹೋಗಲಿಲ್ಲ. ಮೊದಮೊದಲು ಮಳೆ ಎಂದಳು, ಆಮೇಲೆ ಮೈಕೈ ನೋವು ಎಂದಳು. ಮನೆಯ ಸಣ್ಣ ಕಾರನ್ನೂ ಮುಟ್ಟಲಿಲ್ಲ, ಎಲ್ಲಿಗಾದರೂ ಬಸ್ಸು. ಗಿರಾಕಿ ಫೋನ್ ಮಾಡಿದರೆ ತೆಗೆಯುತ್ತಿರಲಿಲ್ಲ. ತೊಟ್ಟಿಯಲ್ಲಿದ್ದ ಕಲ್ಲಿನ ಮೇಲೆ ಮೇಪಲ್ ಎಲೆಗಳು ಉದುರಿ ಅಂಟಿಕೊಂಡವು. ಒಂದು ದಿನ ಬೆಳಿಗ್ಗೆ ದೋಸೆ ತಿನ್ನುತ್ತ ಕೂತವಳು ತಟ್ಟೆ ನೋಡಿಕೊಂಡೇ ಕೇಳಿದಳು, "ಅಮ್ಮ, ನಿನ್ನ ಆಫೀಸಿನಲ್ಲಿ ನನಗೇನಾದರೂ ಕೆಲಸ ಸಿಗುತ್ತಾ? ಕೂತು ಮಾಡುವಂಥದ್ದು."

ಎಷ್ಟೋ ದಿನದಿಂದ ನಾನು ಬೇಡಿಕೊಂಡಿದ್ದ ಮಾತು ಅದು. ಗೋಡೆ, ಕುರ್ಚಿ, ಎರಡನೇ ಮಹಡಿ, ಸಂಜೆ ಮನೆಗೆ ಬರುವ ಮಗಳು. ಕೇಳಿದ ಕೂಡಲೇ ನನಗೆ ಘಟ್ಟದಲ್ಲಿ ಆದದ್ದಕ್ಕಿಂತ ಜಾಸ್ತಿ ಹೆದರಿಕೆಯಾಯಿತು. ಅವಳು ಹೆಗಲು ಮುದುಡಿಕೊಂಡು ಕೂತ ರೀತಿ ನನ್ನದು. ಬಾಗಿಲು ಜೋರಾಗಿ ಮುಚ್ಚಿದರೆ ಬೆಚ್ಚುವುದು ನನ್ನದು. ರಸ್ತೆ ದಾಟುವ ಮೊದಲು ಮೂರು ಮೂರು ಸಲ ನೋಡುವುದು ನನ್ನದು. ಅಲ್ಲಿ ಕಿರುಚಿದವಳು ನಾನು, ಗಾಡಿ ನಿಲ್ಲಿಸಿದವಳು ಅವಳು, ಕೊನೆಗೆ ನನ್ನ ರೋಗ ಅವಳಿಗೆ ಅಂಟಿತು. "ನೋಡುವ" ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದೆ. ಕಾವಲಿಯ ಮೇಲಿನ ದೋಸೆ ಸೀದಿತ್ತು.

ಅದೇ ವಾರದ ಕೊನೆಗೆ ನಾನು ಟ್ರಕ್ಕಿನ ಕೀಲಿ ತೆಗೆದುಕೊಂಡೆ. ಇದು ಅವಳಿಗೆ ಪಾಠ ಕಲಿಸಲು ಹೂಡಿದ ಉಪಾಯವೇನಲ್ಲ, ನನಗೆ ಅಷ್ಟು ಬುದ್ಧಿಯಿಲ್ಲ. ಆ ಕಲ್ಲು ದಿನಾ ಕಿಟಕಿಯಲ್ಲಿ ಕಾಣುವುದು ತಡೆಯಲಾಗಲಿಲ್ಲ. ಗಿರಾಕಿಯ ಮನೆ ಕೆಳಗೆ ಸರೋವರದ ಹತ್ತಿರ, ಐದು ನಿಮಿಷದ ದಾರಿ. ಕೊಂಡೊಯ್ದು ಇಳಿಸಿ ಬರುತ್ತೇನೆ, ಮುಗಿಯಲಿ ಎಂದುಕೊಂಡೆ. ಮಗಳಿಗೆ ಹೇಳಿದೆ. ಹುಚ್ಚು ಹಿಡಿದಿದೆಯಾ ಎನ್ನುವ ಹಾಗೆ ನೋಡಿದಳು. ನಾನು ಹತ್ತಿ ಕೂತೆ. ಕಾಲು ಪೆಡಲಿಗೆ ಸರಿಯಾಗಿ ಎಟುಕಲಿಲ್ಲ. ಸೀಟಿನ ತುದಿಗೆ ಜಾರಿ ಕೂತು ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಎದ್ದಿತು ಹಾಳು ಎಂಜಿನ್! ಹಿಂದಕ್ಕೆ ತೆಗೆಯುವಾಗ ನಮ್ಮದೇ ಗುಲಾಬಿ ಗಿಡದ ಮೇಲೆ ಹತ್ತಿಸಿದೆ.

ನಮ್ಮ ಬೀದಿಯ ತುದಿಯಲ್ಲಿ ಗಾಡಿ ನಿಲ್ಲಿಸಿ ಎನ್ನುವ ಫಲಕವಿದೆ. ಅಲ್ಲಿಂದ ರಸ್ತೆ ನೇರ ಸರೋವರದ ಕಡೆಗೆ ಧುಮುಕುತ್ತದೆ. ಅಲ್ಲಿಯವರೆಗೆ ಹೋದೆ. ಕೆಳಗೆ ನೀರು ಕಂಡಿತು, ಬ್ರೇಕನ್ನು ಕಾಲಲ್ಲಿ ಇನ್ನೂ ಗಟ್ಟಿಯಾಗಿ ಒತ್ತಿದೆ. ಕಾಲು ತೆಗೆಯಬೇಕು, ತೆಗೆದರೆ ಗಾಡಿ ಇಳಿಯುತ್ತದೆ, ಅಷ್ಟೇ. ತೆಗೆಯಲು ಆಗಲಿಲ್ಲ. ಹಿಂದೆ ಒಂದು ಕಾರು ಬಂದು ನಿಂತು, ಕಾದು, ಪಕ್ಕದಿಂದ ಹೋಯಿತು. ಇನ್ನೊಂದು ಹೋಯಿತು. ಅಷ್ಟರಲ್ಲಿ ನನ್ನ ಪಕ್ಕದ ಬಾಗಿಲು ತೆರೆಯಿತು. ಮಗಳು ಮನೆಯ ಚಪ್ಪಲಿಯಲ್ಲೇ ಓಡಿಬಂದಿದ್ದಳು.

"ನಂಗೆ ಆಗುದಿಲ್ಲ ಮಗಾ" ಎಂದೆ.

"ಬ್ರೇಕ್ ಬಿಡಬೇಡ. ಗೇರು ಪಾರ್ಕಿಗೆ ಹಾಕು. ಈಗ ಆಚೆ ಸರಿ" ಎಂದಳು.

ಉದ್ದನೆಯ ಸೀಟಿನ ಮೇಲೆ ನಾನು ಆಚೆ ಸರಿದೆ. ಅವಳು ಹತ್ತಿ ಬಾಗಿಲು ಎಳೆದುಕೊಂಡಳು. ಗಾಜಿನ ಹಿಂದೆ ಕೆಂಪು ದೀಪ ಇಲ್ಲವೆಂದು ನೋಡಿದಳು. ಬ್ರೇಕ್ ಒತ್ತಿದಳು, ಬಿಟ್ಟಳು, ಒತ್ತಿದಳು. ಗೇರು ಹಾಕಿದಳು. ಅವಳೂ ಕೆಳಗಿನ ನೀರನ್ನೇ ನೋಡುತ್ತಿದ್ದಳು, ಹೊರಡಲಿಲ್ಲ. ಮನೆಗೆ ವಾಪಸ್ ಹೋಗೋಣ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವಳು ತಿರುಗಿಸುತ್ತಿದ್ದಳು, ಅದು ನನಗೆ ಖಂಡಿತ ಗೊತ್ತು. ಆ ಮಾತನ್ನು ನುಂಗಿಕೊಂಡೆ.

"ಹೆದರಿಕೆ ಆಗ್ತಿದೆಯಾ ಅಮ್ಮ?" ಎಂದಳು.

"ತುಂಬಾ" ಎಂದೆ.

"ನನಗೂ" ಎಂದು ಬ್ರೇಕಿನಿಂದ ಕಾಲು ತೆಗೆದಳು.